ಡಿನ್ನಿ ಹೇಳಿದರೆ ಯಾರು ನಂಬುತ್ತಾರೆ

ಹರೆಯದಲ್ಲಿ ನಾನು ಎಷ್ಟು ಜೋರಾಗಿ ಓಡುತ್ತಿದ್ದೆನೆಂದರೆ, ಒಮ್ಮೆ ಡಬ್ಲಿನ್ನಿನಲ್ಲಿ ಓಟ ಗೆದ್ದು, ಮನೆಗೆ ಬಂದು, ಚಹಾ ಕುಡಿದು ಕಾಲು ಚಾಚಿ ಕೂತಿದ್ದೆ; ನನ್ನ ನೆರಳು ಮರುದಿನದ ಬಸ್ಸಿಗೆ ಬಂತು. ಬೇಕಿದ್ದರೆ ನಮ್ಮೂರು ಬಾಲಿಗರ್ವಿಯಲ್ಲಿ ಯಾರನ್ನಾದರೂ ಕೇಳಿ. ಸುಳ್ಳು ಎನ್ನುತ್ತಾರೆ. ನಮ್ಮೂರಿನವರ ಹೊಟ್ಟೆಕಿಚ್ಚಿನ ಮುಂದೆ ಅಟ್ಲಾಂಟಿಕ್ ಸಮುದ್ರ ಒಂದು ಬೋಗುಣಿ ನೀರು.

ಈಗ ನಾನು ಓಡುವುದಿಲ್ಲ, ಓಡಿಸುತ್ತೇನೆ. ಊರಿನ ಅಥ್ಲೆಟಿಕ್ಸ್ ಕ್ಲಬ್ಬಿನಲ್ಲಿ ಮಂಗಳವಾರ ಮತ್ತು ಗುರುವಾರದ ಸಂಜೆ ಮಕ್ಕಳಿಗೆ ದೂರದ ಓಟ ಹೇಳಿಕೊಡುತ್ತೇನೆ. ಚರ್ಚಿನ ಹಿಂದೆ ಮೈದಾನ, ಬೇಲಿಯಾಚೆ ಕುರಿಗಳು, ಮೂಲೆಯಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಒಂದು ಬೆಂಚು. ಇಂಥ ಕ್ರೀಡಾಂಗಣ ಐರ್ಲೆಂಡಿನಲ್ಲೇ ಇಲ್ಲ. ಇದ್ದರೂ ನಾನು ಒಪ್ಪುವುದಿಲ್ಲ.

ಕ್ಲಬ್ಬನ್ನು ನಡೆಸುವವನು ನಾನೇ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ನಡೆಸುವವಳು ಅಟ್ರಾಕ್ಟಾ. ಮೊದಲು ಊರಿಗೆಲ್ಲ ಟಪಾಲು ಹಂಚುತ್ತಿದ್ದವಳು, ಈಗ ನಮ್ಮ ಕ್ಲಬ್ಬಿನ ಮಕ್ಕಳ ಆಫೀಸರ್. ದೊಡ್ಡವರು ಯಾರೂ ಕೈಯಿಂದಾಗಲಿ, ನಾಲಿಗೆಯಿಂದಾಗಲಿ, ಫೋನಿನಿಂದಾಗಲಿ ಮಕ್ಕಳನ್ನು ನೋಯಿಸದಂತೆ ನೋಡಿಕೊಳ್ಳುವುದು ಅವಳ ಕೆಲಸ. ಅವಳ ಕಟ್ಟಳೆಗಳ ಮುಂದೆ ಬೈಬಲ್ಲಿನ ಮೋಶೆ ತಂದ ಹತ್ತು ಆಜ್ಞೆಗಳ ಕಲ್ಲು ಹಲಗೆಗಳು ಸಣ್ಣ ಚೀಟಿ. ದೊಡ್ಡವರೊಬ್ಬರು ಮಗುವೊಂದರ ಜೊತೆ ಒಂಟಿಯಾಗಿ ಇರಕೂಡದು. ಮಕ್ಕಳ ಫೋನಿಗೆ ಮೆಸೇಜು ಕಳಿಸಕೂಡದು, ಏನಿದ್ದರೂ ಅಪ್ಪ ಅಮ್ಮಂದಿರಿಗೆ. ಕೊನೆಯ ಮಗುವನ್ನು ಮನೆಯವರು ಬಂದು ಕರೆದುಕೊಂಡು ಹೋಗುವ ತನಕ ದೊಡ್ಡವರು ಇಬ್ಬರು ಮೈದಾನದಲ್ಲಿ ಇರಲೇಬೇಕು. ಒಬ್ಬರು ಸಾಲದು.

"ಅಟ್ರಾಕ್ಟಾ, ದೇವರು ಆದಾಮನನ್ನ ಮಾಡಿದಾಗ ಪಕ್ಕದಲ್ಲಿ ಇನ್ನೊಬ್ರು ದೊಡ್ಡೋರು ಇದ್ರೇನೇ?" ಎಂದು ನಾನು ಕೆಣಕುತ್ತಿದ್ದೆ.

"ಇರ್ಲಿಲ್ಲ. ಅದಕ್ಕೇ ನೋಡು, ಎಷ್ಟು ರಂಪ ಆಯ್ತು."

ವರ್ಷಕ್ಕೊಮ್ಮೆ ಅವಳು ನಮ್ಮನ್ನೆಲ್ಲ ಚರ್ಚಿನ ಹಾಲ್‌ನಲ್ಲಿ ಕೂರಿಸಿ ಪಾಠ ಮಾಡಿಸುತ್ತಾಳೆ. ನಾನು ಕಣ್ಣು ತೆರೆದೇ ನಿದ್ದೆ ಮಾಡಬಲ್ಲೆ, ಕುದುರೆಗಳು ಅದನ್ನು ನನ್ನಿಂದಲೇ ಕಲಿತದ್ದು. ಆದರೂ ಒಂದು ಮಾತು ಹೇಗೋ ಕಿವಿಯೊಳಗೆ ಇಳಿದಿತ್ತು. ಮಗು ಬಂದು 'ಯಾರಿಗೂ ಹೇಳಬೇಡಿ' ಎಂದರೆ ಆಣೆ ಮಾಡಬೇಡಿ, ಮಾಡಿದರೆ ಮುರಿಯಬೇಕಾಗುತ್ತದೆ ಎಂದು.

ಆ ಶರತ್ಕಾಲದಲ್ಲಿ ಕೊನೆಗೆ ಉಳಿಯುತ್ತಿದ್ದವಳು ಡರ್ವಲಾ. ಹದಿಮೂರರ ಹುಡುಗಿ, ನೂರು ಮೀಟರ್ ಓಟಗಾರ್ತಿ. ಅಮ್ಮ ನೋರೀನ್ ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸಕ್ಕಿದ್ದಳು, ಪಾಳಿ ಮುಗಿಸಿ ಬರುವಾಗ ತಡವಾಗುತ್ತಿತ್ತು. ಹೀಗಾಗಿ ನಾವು ಮೂವರು ಬೆಂಚಿನ ಮೇಲೆ ಸಾಲಾಗಿ ಕೂತು, ಅಟ್ರಾಕ್ಟಾ ತಂದ ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತಾ ದಾರಿ ಕಾಯುತ್ತಿದ್ದೆವು.

"ಡಿನ್ನಿ, ಇವತ್ತು ಎಷ್ಟು ತಿಮಿಂಗಿಲ ಹಿಡಿದ್ರಿ?" ಎಂದು ಡರ್ವಲಾ ಶುರು ಮಾಡುತ್ತಿದ್ದಳು.

"ಎರಡೇ ಪುಟ್ಟಿ. ಮೂರನೇದು ಅಳ್ತಾ ಕೂತಿತ್ತು, ಪಾಪ ಅಂತ ಬಿಟ್ಬಿಟ್ಟೆ."

"ಎರಡನ್ನೂ ಸೈಕಲ್ ಮೇಲೆ ತಂದ್ರಾ?"

"ಒಂದನ್ನ ಸೈಕಲ್ ಮೇಲೆ ತಂದೆ. ಇನ್ನೊಂದು ನಡ್ಕೊಂಡು ಬಂತು."

ಅವಳು ನಗುತ್ತಿದ್ದಳು. ಅಕ್ಟೋಬರ್ ಬರುವಷ್ಟರಲ್ಲಿ ನಗು ಕಮ್ಮಿಯಾಯಿತು. ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಪುಡಿ ಮಾಡಿ ಚೆಲ್ಲುತ್ತಿದ್ದಳು. ಅಟ್ರಾಕ್ಟಾ ಕಣ್ಣಂಚಿನಲ್ಲೇ ಅದನ್ನು ನೋಡುತ್ತಿದ್ದಳು. ನಾನೂ ನೋಡಿದೆ, ಆದರೆ ನನ್ನ ಕಥೆ ಕೇಳಿ ಬೇಜಾರಾಗಿದೆ ಎಂದುಕೊಂಡು ತಿಮಿಂಗಿಲಗಳ ಸಂಖ್ಯೆ ಏರಿಸಿದೆ.

ವೇಗದ ಓಟ ಕಲಿಸುತ್ತಿದ್ದವನು ಫರ್ಗಲ್. ಅವನ ವಿಷಯ ಬಂದರೆ ನನ್ನ ಎದೆ ಎರಡು ಅಂಗಿಯಷ್ಟು ಅಗಲವಾಗುತ್ತಿತ್ತು. ಚಿಕ್ಕಂದಿನಲ್ಲಿ ಅವನ ಶೂ ಲೇಸು ಕಟ್ಟಿದವನು ನಾನು. ದೇಶದ ತಂಡದ ಅಂಗಿ ತೊಟ್ಟು ಓಡಿದವನು ಅವನು. ಆ ಅಂಗಿಯಲ್ಲಿ ಅರ್ಧ ನನ್ನದು ಎಂದು ಪಬ್ಬಿನಲ್ಲಿ ಪ್ರತಿ ಶನಿವಾರ ಹೇಳುತ್ತಿದ್ದೆ, ಮೂರನೆಯ ಗ್ಲಾಸಿಗೆ ಪೂರ್ತಿ ನನ್ನದಾಗುತ್ತಿತ್ತು. ಈ ವರ್ಷ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯ, ರಿಲೇ ತಂಡಕ್ಕೆ ಡರ್ವಲಾಳನ್ನು ಸೇರಿಸುವುದಾಗಿ ಫರ್ಗಲ್ ಹೇಳಿದ್ದ.

ಆ ಗುರುವಾರ ಅಟ್ರಾಕ್ಟಾ ಹರ್ಡಲ್‌ಗಳನ್ನು ಎತ್ತಿಡಲು ಮೈದಾನದ ಆಚೆ ಬದಿಗೆ ಹೋದಳು. ಕಣ್ಣಿಗೆ ಕಾಣುವಷ್ಟು ಹತ್ತಿರ, ಕಿವಿಗೆ ಕೇಳದಷ್ಟು ದೂರ. ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಡರ್ವಲಾ.

"ಡಿನ್ನಿ, ನಿಮಗೊಂದು ವಿಷ್ಯ ಹೇಳ್ಬೇಕು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡ್ತೀರಾ?"

"ನನಗ್ಯಾಕೆ ಪುಟ್ಟಿ? ನನ್ನ ಬಾಯಿ ಹೆದ್ದಾರಿ ಇದ್ದ ಹಾಗೆ, ಲಾರಿ ಕೂಡ ಹೋಗುತ್ತೆ."

"ಅದಕ್ಕೇ. ನೀವು ಬಾಯಿ ಬಿಟ್ರೂ ಯಾರೂ ನಂಬಲ್ವಲ್ಲ."

ನೋಡಿ, ಊರಿನಲ್ಲಿ ಪಾದ್ರಿ ಇದ್ದಾರೆ, ಟೀಚರುಗಳಿದ್ದಾರೆ. ಅವರನ್ನೆಲ್ಲ ಬಿಟ್ಟು ಈ ಮಗು ಕೌಂಟಿಯ ಅತಿ ದೊಡ್ಡ ಸುಳ್ಳುಗಾರನನ್ನು ಆರಿಸಿಕೊಂಡಿತ್ತು. ಗುಟ್ಟು ಸೋರಿದರೂ ಕೆಟ್ಟು ಹೋಗದ ಜಾಗ ಎಂದು.

'ಆಣೆ' ಎನ್ನುವ ಮಾತು ನನ್ನ ಹಲ್ಲಿನ ತನಕ ಬಂದಿತ್ತು. ನನಗೇನು ಕಷ್ಟ? ಬಸ್ಸಿನಷ್ಟು ಉದ್ದದ ಮೀನು ಹಿಡಿದೆ ಎಂದು ತಾಯಿಯ ಸಮಾಧಿಯ ಮೇಲೆ ಆಣೆ ಇಟ್ಟವನು ನಾನು, ತಾಯಿ ಅಡುಗೆಮನೆಯಲ್ಲಿ ಗಟ್ಟಿಮುಟ್ಟಾಗಿ ಆಲೂಗಡ್ಡೆ ಸುಲಿಯುತ್ತಿರುವಾಗಲೇ. ಈಗಲೂ ಒಂದು ಆಣೆ ಇಟ್ಟರೆ ಆಯಿತು, ಹುಡುಗಿಯ ಎದೆ ಹಗುರಾಗುತ್ತದೆ. ಆದರೆ ಅವಳು ಜಾಕೆಟ್ಟಿನ ತೋಳನ್ನು ಬೆರಳ ತುದಿ ಮುಚ್ಚುವ ತನಕ ಎಳೆದುಕೊಂಡು ಕೂತಿದ್ದಳು. ಅದನ್ನು ನೋಡಿದೆ. ಬಾಯಿ ಮುಚ್ಚಿಕೊಂಡಿತು.

"ಇಲ್ಲ ಪುಟ್ಟಿ," ಎಂದೆ. "ಆ ಆಣೆ ಮಾಡಕ್ಕಾಗಲ್ಲ. ನಿನಗೆ ನೋವಾಗೋ ಅಂಥ ವಿಷ್ಯ ಆದ್ರೆ ಅಟ್ರಾಕ್ಟಾಗೆ ಹೇಳ್ಲೇಬೇಕು. ಪಬ್ಬಲ್ಲಿ ಹೇಳಲ್ಲ, ಅಂಗಡೀಲಿ ಹೇಳಲ್ಲ. ಅಟ್ರಾಕ್ಟಾಗೆ ಮಾತ್ರ."

ಅವಳು ನನ್ನ ಮುಖವನ್ನೇ ನೋಡಿದಳು. ಚೀಲ ಹೆಗಲಿಗೇರಿಸಿಕೊಂಡು ಎದ್ದು ಗೇಟಿನ ಕಡೆ ನಡೆದಳು. ಕೈತಪ್ಪಿ ಹೋದಳು ಎಂದುಕೊಂಡೆ. ಕೂಗಿ ಕರೆಯೋಣವೇ? ಒಂದು ತಿಮಿಂಗಿಲವನ್ನು ಅವಳ ಹಿಂದೆ ಅಟ್ಟೋಣವೇ? ಏನೂ ಮಾಡಲಿಲ್ಲ, ಸುಮ್ಮನೆ ಕೂತೆ. ನನ್ನ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಕಂಡು ಬೇಲಿಯಾಚೆಯ ಕುರಿಗಳು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದವು. ಇದು ಮಾತ್ರ ಸತ್ಯ.

ಗೇಟಿನ ಬಳಿ ನಿಂತವಳು ತಿರುಗಿ ಬಂದಳು. ಬೆಂಚಿನ ತುದಿಯಲ್ಲಿ ಕೂತು, ನನಗಲ್ಲ, ಕುರಿಗಳಿಗೆ ಹೇಳುವ ಹಾಗೆ ಹೇಳಿದಳು.

"ನಮ್ಮ ನಾಯಿ ಬ್ರೂನೋ ತುಂಬಾ ದಪ್ಪ ಆಗ್ತಿದಾನೆ."

"ಹೂಂ."

"ನನ್ನ ಊಟ ಎಲ್ಲ ಅವನಿಗೇ ಹಾಕ್ತೀನಿ. ಅಮ್ಮನಿಗೆ ಗೊತ್ತಿಲ್ಲ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಫರ್ಗಲ್ ಶೆಡ್ಡಿನ ಹಿಂದೆ ನನ್ನ ತೂಕ ನೋಡ್ತಾರೆ. ತೂಕದ ಮೆಷಿನ್ನು ಅವರ ಕಾರ್ ಡಿಕ್ಕೀಲಿ ಇರತ್ತೆ. ಜಾಸ್ತಿ ಆದ್ರೆ ರಿಲೇಲಿ ಜಾಗ ಇಲ್ಲ ಅಂದಿದಾರೆ. ರಾತ್ರಿ ಮಲಗೋ ಮುಂಚೆ ಏನು ತಿಂದೆ ಅಂತ ಮೆಸೇಜ್ ಮಾಡ್ತಾರೆ, ತಟ್ಟೆ ಫೋಟೋ ಕಳಿಸ್ಬೇಕು. ಇದು ನಮ್ಮಿಬ್ಬರ ಗುಟ್ಟು, ಅಮ್ಮಂದಿರಿಗೆ ಅರ್ಥ ಆಗಲ್ಲ ಅಂತಾರೆ. ಮೊನ್ನೆ ಸ್ಕೂಲ್ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತ್ಬಿಟ್ಟೆ."

ಫರ್ಗಲ್. ನಾನು ಶೂ ಲೇಸು ಕಟ್ಟಿದ ಹುಡುಗ.

ಕೇಳಬೇಕೆನಿಸಿದ ಪ್ರಶ್ನೆಗಳು ಒಂದು ಗಾಡಿಯಷ್ಟಿದ್ದವು. ಒಂದನ್ನೂ ಕೇಳಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು ಕಂದಾ. ಇದ್ರಲ್ಲಿ ನಿನ್ನ ತಪ್ಪೇನೂ ಇಲ್ಲ. ಈಗ ನಾನು ಅಟ್ರಾಕ್ಟಾನ ಕರೀತೀನಿ."

"ಬೇಡ ಡಿನ್ನಿ."

"ಕರೀತೀನಿ, ಪುಟ್ಟಿ."

"ನಿಮಗೆ ಹೇಳ್ಬಾರ್ದಿತ್ತು," ಎಂದು ಅವಳು ಮಂಡಿಯೊಳಗೆ ಮುಖ ಹುದುಗಿಸಿಕೊಂಡಳು.

ಹರ್ಡಲ್‌ಗಳ ನಡುವೆ, ಹುಡುಗಿ ಕಣ್ಣಿಗೆ ಕಾಣುವ ಹಾಗೆ ನಿಂತು, ಅಟ್ರಾಕ್ಟಾಗೆ ಹೇಳಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಓಟ ಓಡಿಲ್ಲ. ಎಂದಿನ ನಾಲಿಗೆಯಾಗಿದ್ದರೆ ಆ ತೂಕದ ಮೆಷಿನ್ನು ಲಾರಿ ತೂಗುವ ಕಟ್ಟೆಯಾಗುತ್ತಿತ್ತು, ಬ್ರೂನೋ ಆನೆಯಾಗುತ್ತಿದ್ದ. ಒಂದು ಚಿಟಿಕೆ ಉಪ್ಪು ಸೇರಿಸಿದರೂ ಆ ಹುಡುಗಿಯ ಮಾತು ನನ್ನ ಮಾತಾಗುತ್ತದೆ, ನನ್ನ ಮಾತಾದರೆ ಮುಗಿಯಿತು, ಯಾರೂ ನಂಬುವುದಿಲ್ಲ. ಹಾಗಾಗಿ ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ, ಹನಿಯೂ ತುಳುಕದಂತೆ, ತುಂಬಿದ ಬಟ್ಟಲನ್ನು ಹಿಡಿದು ನಡೆಯುವವನ ಹಾಗೆ ಹೇಳಿ ಮುಗಿಸಿದೆ.

ಅಟ್ರಾಕ್ಟಾ ನಗಲಿಲ್ಲ. "ನಿನ್ನ ಬಾಯಿಂದ ಇಷ್ಟು ಚಿಕ್ಕ ಮಾತು ಬಂದಿದ್ದು ನಾನು ಕೇಳೇ ಇಲ್ಲ ಕಣೋ," ಎಂದಳು. "ನಂಬಿದೆ."

"ಈಗ್ಲೇ ಅವನ ಮನೆಗೆ ಹೋಗ್ತೀನಿ," ಎಂದೆ. ನನ್ನ ಮುಷ್ಟಿ ಆಗ ಹೇಗಿತ್ತೆಂದರೆ, ಒಂದು ಗುದ್ದಿಗೆ ಫರ್ಗಲ್ ಮೂರು ಕೌಂಟಿ ದಾಟಿ ಸ್ಕಾಟ್ಲೆಂಡಿನಲ್ಲಿ ಬೀಳುತ್ತಿದ್ದ.

"ಹೋಗಲ್ಲ ನೀನು. ಅವನನ್ನ ಕೇಳೋದು ನಿನ್ನ ಕೆಲ್ಸ ಅಲ್ಲ, ನನ್ನ ಕೆಲ್ಸಾನೂ ಅಲ್ಲ. ಅದಕ್ಕೆ ಸರ್ಕಾರದ ಮಕ್ಕಳ ರಕ್ಷಣೆಯವರಿದಾರೆ, ಅವರಿಗೆ ತಿಳಿಸ್ತೀನಿ. ಈಗ ನೀನು ಹೋಗಿ ಆ ಮಗೂ ಹತ್ರ ಕೂತ್ಕೋ. ಏನೂ ಮಾತಾಡ್ಬೇಡ."

ಕೂತೆ. ನೋರೀನ್ ಬಂದಳು. ಅಟ್ರಾಕ್ಟಾ ಅವಳನ್ನು ಕಾರಿನ ಪಕ್ಕ ನಿಲ್ಲಿಸಿ ಮಾತಾಡಿದಳು. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದ ಆ ತಾಯಿ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು, ಆಮೇಲೆ ಬಂದು ಮಗಳ ಮುಂದೆ ಮಂಡಿಯೂರಿ ಅವಳ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆ ತನಕ ಎಳೆದಳು. ಕಾರು ಹೊರಡುವಾಗ ಡರ್ವಲಾ ನನ್ನ ಕಡೆ ನೋಡಲೂ ಇಲ್ಲ.

ಅಟ್ರಾಕ್ಟಾ ತಿಳಿಸಿದ ಮೇಲೆ ಫರ್ಗಲ್‌ಗೆ ವಿಚಾರಣೆ ಮುಗಿಯುವ ತನಕ ಮೈದಾನಕ್ಕೆ ಬರಬೇಡ ಎಂದರು. ಚಿಕ್ಕ ಊರು, ಗಾಳಿಗೂ ಕಿವಿಯಿದೆ. ಪಬ್ಬಿನಲ್ಲಿ ಎಲ್ಲರೂ ನನ್ನನ್ನು ಸುತ್ತಿಕೊಂಡರು.

"ಏನಾಯ್ತೋ ಡಿನ್ನಿ? ನೀನೇ ಏನೋ ಊದಿದೀಯಂತೆ?"

"ಒಬ್ಬ ಚಾಂಪಿಯನ್ನನ್ನ ಹಾಳು ಮಾಡ್ಬಿಟ್ಟೆಯಲ್ಲೋ. ಎಷ್ಟು ತಿಮಿಂಗಿಲ ಸೇರಿಸಿದೆ ಕಥೆಗೆ?"

ಜೀವನದಲ್ಲಿ ಮೊದಲ ಬಾರಿಗೆ ನನ್ನ ಬಳಿ ನಿಜವಾದ ಸುದ್ದಿಯಿತ್ತು, ಕೇಳಲು ಇಡೀ ಪಬ್ಬು ಬಾಯಿ ತೆರೆದು ಕೂತಿತ್ತು. "ಹೇಳೋಕೇನೂ ಇಲ್ಲ," ಎಂದು ಗ್ಲಾಸು ಕೆಳಗಿಟ್ಟು ಎದ್ದು ಬಂದೆ. ನನ್ನ ಹೆಂಡತಿ ನನಗೆ ಜ್ವರ ಬಂದಿದೆಯೆಂದು ಹಣೆ ಮುಟ್ಟಿ ನೋಡಿದಳು.

ಡರ್ವಲಾ ಮೈದಾನಕ್ಕೆ ಬರಲಿಲ್ಲ. ಬೆಂಚಿನ ಮೇಲೆ ನಾನೂ ಅಟ್ರಾಕ್ಟಾಳೂ ಬೇರೆ ಬೇರೆ ಮಕ್ಕಳ ಜೊತೆ ಕೂತು ಕಾದೆವು.

"ಇನ್ನು ಅವಳು ಬರಲ್ಲ ಕಣೇ," ಎಂದೆ ಒಂದು ಸಂಜೆ. "ನನ್ನನ್ನ ನಂಬಿ ಕೆಟ್ಟೆ ಅಂದ್ಕೊಂಡಿದಾಳೆ."

"ಅಂದ್ಕೊಳ್ಳಲಿ. ಊಟ ಮಾಡ್ತಿದಾಳಂತೆ. ನೋರೀನ್ ಹೇಳಿದ್ಲು."

"ನಿಜವಾಗ್ಲೂ?"

"ಸುಳ್ಳು ಹೇಳೋಕೆ ನಾನೇನು ಡಿನ್ನಿನಾ?"

ನವೆಂಬರಿನ ಒಂದು ಭಾನುವಾರ ಪಕ್ಕದ ಊರಿನ ಹೊಲವೊಂದರಲ್ಲಿ ಕ್ರಾಸ್ ಕಂಟ್ರಿ ಓಟವಿತ್ತು. ಕೆಸರು ಎಷ್ಟಿತ್ತೆಂದರೆ, ಒಬ್ಬ ಹುಡುಗ ಒಂದು ಕಡೆ ಮುಳುಗಿ ಗೆಲುವಿನ ಗೆರೆಯ ಹತ್ತಿರ ಎದ್ದ, ಬಹುಮಾನ ಕೊಟ್ಟರು. ಸೋನೆ ಮಳೆ ಹಿಡಿದಿತ್ತು. ನಾನು ಅಟ್ರಾಕ್ಟಾಳ ಕಾರಿನ ಡಿಕ್ಕಿ ಎತ್ತಿ ಮಕ್ಕಳಿಗೆ ಚಹಾ ಸುರಿದು ಕೊಡುತ್ತಿದ್ದೆ.

"ಡಿನ್ನಿ."

ತಿರುಗಿ ನೋಡಿದರೆ ಡರ್ವಲಾ. ಓಟದ ಬಟ್ಟೆಯಲ್ಲಿರಲಿಲ್ಲ, ಅಮ್ಮನ ದೊಡ್ಡ ಕೋಟು, ಉಣ್ಣೆ ಟೋಪಿ. ವಸಂತದ ತನಕ ಓಡಬೇಡ ಎಂದು ಡಾಕ್ಟರು ಹೇಳಿದ್ದರು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಸ್ವಲ್ಪ ಎಂದರೆ ಸ್ವಲ್ಪವೇ, ನಾನು ಹೆಚ್ಚಿಸುವುದಿಲ್ಲ.

"ನಿಮ್ಮ ಮೇಲೆ ಇನ್ನೂ ಅರ್ಧ ಕೋಪ ಇದೆ," ಎಂದಳು.

"ಇಟ್ಕೋ ಪುಟ್ಟಿ. ಉಳಿದರ್ಧ ಎಲ್ಲಿ ಹೋಯ್ತು?"

ಅವಳು ಸುತ್ತ ಕಣ್ಣಾಡಿಸಿದಳು. "ಅಟ್ರಾಕ್ಟಾ ಎಲ್ಲಿ? ಇಬ್ಬರೂ ಬೇಕು."

ಆಗಲೇ ನಾನು ನೋಡಿದ್ದು. ಅವಳ ಕೋಟಿನ ಹಿಂದೆ ಇನ್ನೊಬ್ಬ ಹುಡುಗಿ ನಿಂತಿದ್ದಳು. ಓರ್ಲಾ, ಫರ್ಗಲ್‌ನ ಗುಂಪಿನಲ್ಲಿದ್ದ ಎಲ್ಲರಿಗಿಂತ ಚಿಕ್ಕವಳು. ಮೊಣಕಾಲಿನ ತನಕ ಕೆಸರು, ಕಣ್ಣು ನೆಲದ ಮೇಲೆ. ಡರ್ವಲಾ ಅವಳ ಕೈ ಹಿಡಿದುಕೊಂಡಿದ್ದಳು.

ನಾನು ಅಟ್ರಾಕ್ಟಾಳನ್ನು ಕೂಗಿದೆ. ಬಂದಳು. ಆ ವಯಸ್ಸಿನಲ್ಲಿ, ಆ ಕೆಸರಿನಲ್ಲಿ, ಒಳ್ಳೆಯ ಸ್ಕರ್ಟು ಉಟ್ಟುಕೊಂಡೇ, ಚಿಕ್ಕವಳ ಕಣ್ಣಿಗೆ ಕಣ್ಣು ಸಮವಾಗುವಂತೆ ಕುಕ್ಕುರುಗಾಲಲ್ಲಿ ಕೂತಳು.

"ಓರ್ಲಾ," ಎಂದಳು ಡರ್ವಲಾ, "ಯಾರಿಗೂ ಹೇಳಲ್ಲ ಅಂತ ಇವರು ಆಣೆ ಮಾಡಲ್ಲ. ಮೊದ್ಲೇ ಹೇಳ್ತಿದೀನಿ. ನಾನೂ ತುಂಬಾ ಬೈಕೊಂಡೆ. ಆದ್ರೂ ಹೇಳು."

ಮಳೆಹನಿ ನನ್ನ ಕೈಯಲ್ಲಿದ್ದ ಚಹಾದ ಕಪ್ಪಿನೊಳಗೆ ಬೀಳುತ್ತಿತ್ತು. ನಾನು ಅದನ್ನು ಕೆಳಗಿಡಲೂ ಹೋಗಲಿಲ್ಲ.

"ನನ್ನ ತೂಕಾನೂ ನೋಡ್ತಿದ್ರು," ಎಂದಳು ಓರ್ಲಾ, ತನ್ನ ಶೂಗಳಿಗೆ ಹೇಳುವ ಹಾಗೆ.

"ಹೇಳು ಮಗು," ಎಂದಳು ಅಟ್ರಾಕ್ಟಾ. "ನಿಧಾನಕ್ಕೆ ಹೇಳು, ನಾವೆಲ್ಲಿಗೂ ಹೋಗಲ್ಲ."

ಡರ್ವಲಾ ಆ ಕೈ ಬಿಡಲಿಲ್ಲ.