ಮುಂದಿನ ಚಕ್ರದ ಕೆಸರು

ಅಪ್ಪ ಕುರ್ಚಿಯಿಂದ ತಾನಾಗಿಯೇ ಎದ್ದು ನಿಂತದ್ದನ್ನು ಕಂಡು ಕುಮುದಾ ಸ್ಪ್ಯಾನರ್ ತಿರುಗಿಸುವುದನ್ನೇ ನಿಲ್ಲಿಸಿದಳು.

ಹಿಂದಿನ ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆದ ಮೇಲೆ ಕೆರಿಯಪ್ಪ ಯಾರ ಕೈಯನ್ನೂ ಹಿಡಿಯದೆ ಎದ್ದವನಲ್ಲ. ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಹೊಸನಗರ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವನ ಸೈಕಲ್ ಶಾಪನ್ನು ಈಗ ನಡೆಸುತ್ತಿದ್ದವಳು ದೊಡ್ಡ ಮಗಳು ಕುಮುದಾ. ದಿನಾ ಬೆಳಿಗ್ಗೆ ಅವಳ ಗಂಡ ಗಣೇಶ್ ಮಾವನನ್ನು ತನ್ನ ಲಗೇಜ್ ಆಟೋದಲ್ಲಿ ಕರೆತಂದು, ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ ಬಾಡಿಗೆಗೆ ಹೋಗುತ್ತಿದ್ದ. ಆಮೇಲೆ ಸಂಜೆಯವರೆಗೂ ಅಪ್ಪ, ಮಗಳು ಇಬ್ಬರೇ. ಅವಳು ಪಂಕ್ಚರ್ ಹಾಕುತ್ತ, ಬೇರಿಂಗಿಗೆ ಗ್ರೀಸ್ ತುಂಬುತ್ತ, "ಅಪ್ಪಯ್ಯ, ಈ ಚೈನು ಇನ್ನೊಂದು ಮಳೆಗಾಲ ಬಾಳ್ಬೋದಾ?" ಎಂದೋ "ಟೀ ತರಿಸ್ಲಾ?" ಎಂದೋ ಕೇಳಿದರೆ ಬರುತ್ತಿದ್ದದ್ದು ಬರೀ "ಹ್ಞೂಂ". ಕೆಲವು ದಿನ ಅದೂ ಇಲ್ಲ.

ಅಂಥ ಮನುಷ್ಯ ಈಗ ಬಾಗಿಲ ಚೌಕಟ್ಟನ್ನು ಹಿಡಿದು, ಕಾಲೆಳೆಯುತ್ತ ಮೆಟ್ಟಿಲು ಇಳಿಯುತ್ತಿದ್ದ. ಎದುರಿಗೆ ಸೌಜನ್ಯ ಹೊಸ ಎಲೆಕ್ಟ್ರಿಕ್ ಸೈಕಲ್ ಹಿಡಿದು ನಗುತ್ತ ನಿಂತಿದ್ದಳು.

ಸೌಜನ್ಯ ಕುಮುದಾಳ ತಂಗಿ. ನರ್ಸಿಂಗ್ ಓದಿ ಮಾಸ್ತಿಕಟ್ಟೆ ಕಡೆಯ ಒಂದು ಉಪಕೇಂದ್ರದಲ್ಲಿ ಆರೋಗ್ಯಾಧಿಕಾರಿಯಾಗಿದ್ದಳು. ಅವಳು ನೋಡಬೇಕಾದ ಮನೆಗಳು ಗುಡ್ಡದ ಮೇಲೊಂದು, ಹಳ್ಳದ ಆಚೆಗೊಂದು. ಸ್ಕೂಟರು ಎಷ್ಟೋ ದಾರಿಯಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೇ ಗುಡ್ಡ ಹತ್ತುವ ಈ ಬ್ಯಾಟರಿ ಸೈಕಲ್ ಕೊಂಡಿದ್ದಳು. ದಪ್ಪ ಟಯರು, ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಕುಗ್ಗಿ ಹಿಗ್ಗುವ ಶಾಕ್, ಪೆಡಲಿನ ನಡುವೆ ಕೂತ ಮೋಟಾರು.

"ಅಪ್ಪಯ್ಯ, ಹೆಂಗಿದೆ?"

ಕೆರಿಯಪ್ಪ ಬಲಗೈಯಿಂದ ಹ್ಯಾಂಡಲ್ ಮುಟ್ಟಿದ, ಸೀಟನ್ನು ಸವರಿದ. "ಲಾಯ್ಕಿದೆ," ಎಂದ. ಆಮೇಲೆ, "ಭಾರ ಎಷ್ಟು? ಬ್ಯಾಟ್ರಿ ಎಷ್ಟು ದೂರ ಬತ್ತದೆ? ಏರಲ್ಲಿ ಉಬ್ಬಸ ಬರಲ್ವಾ?" ಒಂದರ ಹಿಂದೆ ಒಂದು ಪ್ರಶ್ನೆ. ತೊದಲಿದರೂ ಪೂರಾ ಪೂರಾ ಮಾತು. ಸೌಜನ್ಯ ಏನೋ ಹೇಳಿದಳು, ಅಪ್ಪ ನಕ್ಕ. ಅವನಿಗೆ ನಗು ಬರುತ್ತದೆ ಎಂಬುದೇ ಕುಮುದಾಳಿಗೆ ಮರೆತುಹೋಗಿತ್ತು.

ಒಳಗೆಲ್ಲೋ ಚುಚ್ಚಿದ ಹಾಗಾಯಿತು. ಇಷ್ಟು ತಿಂಗಳು ಅವನ ಮೈ ಒರೆಸಿದವಳು ತಾನು, ಅನ್ನ ಕಲಸಿ ಬಾಯಿಗಿಟ್ಟವಳು ತಾನು, ಒಂದು ಮಾತಿಗಾಗಿ ನೂರು ಮಾತಾಡಿದವಳು ತಾನು. ಇವಳು ತಿಂಗಳಿಗೊಮ್ಮೆ ಬಂದು ಒಂದು ಸೈಕಲ್ ತೋರಿಸಿದರೆ ಸಾಕು, ಎದ್ದು ನಡೆಯುತ್ತಾನೆ!

"ಅಕ್ಕ, ಒಂಚೂರು ಬಾ ಇಲ್ಲಿ," ಸೌಜನ್ಯ ಕರೆದಳು. "ಇದಕ್ಕೆ ಮಡ್‌ಗಾರ್ಡೇ ಕೊಟ್ಟಿಲ್ಲ. ಮಳೆ ಶುರುವಾಯ್ತು ಅಂದ್ರೆ ಕೆಸರೆಲ್ಲ ಮೋಟಾರಿಗೆ ಹೊಡೀತದಂತೆ. ಇದು ಆಗ್ಬೋದಾ ನೋಡು."

ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಇದೇ ತರದ ಸೈಕಲ್. ಫೋರ್ಕಿನ ಕೆಳಗೆ ಅಂಗೈಯಷ್ಟಗಲದ ಕಪ್ಪು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ತೀರ್ಥಹಳ್ಳಿಯಲ್ಲಿ ಟ್ರೇನಿಂಗಿಗೆ ಹೋದಾಗ ಪರಿಚಯವಾದ ದೀಪಕ್ ಎಂಬವನ ಸೈಕಲ್ಲಂತೆ. ಅದೇ ತರದ್ದನ್ನು ಅವಳೂ ತರಿಸಿಕೊಂಡು ಬ್ಯಾಗಿನಲ್ಲಿ ತಂದಿದ್ದಳು. "ನೋಡಕ್ಕೂ ಚಂದ. ಉದ್ದದ್ದು ಹಾಕಿದ್ರೆ ಹಾಲಿನವರ ಸೈಕಲ್ ತರ ಕಾಣ್ತದೆ ಮಾರಾಯ್ತಿ."

ಕುಮುದಾ ಒಂದೇ ನೋಟಕ್ಕೆ ಲೆಕ್ಕ ಹಾಕಿಬಿಟ್ಟಳು. ಈ ಗಿಡ್ಡ ಹಾಳೆ ತಡೆಯುವುದು ಸವಾರನ ಮುಖಕ್ಕೆ ಹಾರುವ ಕೆಸರನ್ನು ಮಾತ್ರ. ಮೋಟಾರಿಗೆ ಬಡಿಯುವುದು ಮುಂದಿನ ಚಕ್ರದ ಹಿಂಬದಿಯಿಂದ, ತಳದಿಂದ ಚಿಮ್ಮುವ ಕೆಸರು. ಅದಕ್ಕೆ ಚಕ್ರದ ಹಿಂದೆ ಕೆಳಗಿನವರೆಗೂ ಇಳಿಯುವ ಉದ್ದನೆಯ ಗಾರ್ಡೇ ಬೇಕು, ಅದರ ತುದಿಗೆ ರಬ್ಬರು ನೇತಾಡಬೇಕು. ದೀಪಕ್ ತೀರ್ಥಹಳ್ಳಿ ಪೇಟೆಯ ಟಾರು ರಸ್ತೆಯಲ್ಲಿ ಓಡಾಡುವವನು. ಅವನಿಗೆ ಅಷ್ಟು ಸಾಕು. ಮಾಸ್ತಿಕಟ್ಟೆಯ ಜೇಡುಮಣ್ಣಿಗೆ ಸಾಲದು.

ಬಾಯಿ ತೆರೆದಳು. ಅಷ್ಟರಲ್ಲಿ ಕೆರಿಯಪ್ಪ ಫೋಟೋದ ಮೇಲೆ ಬಗ್ಗಿ, "ಸೌಜಿ ಹೇಳಿದ್ದೇ ಸರಿ. ಇದೇ ಹಾಕು," ಎಂದ.

ಇಡೀ ತಾಲ್ಲೂಕಿನ ಸೈಕಲ್ಲುಗಳಿಗೆ ಮಡ್‌ಗಾರ್ಡ್ ಕೂರಿಸಿದ ಅಪ್ಪ! ಅವನಿಗೆ ಗೊತ್ತಿಲ್ಲದ್ದೇ? ಗೊತ್ತಿದ್ದೂ ಚಿಕ್ಕ ಮಗಳ ಮುಖ ಬಾಡಬಾರದೆಂದು ಹೀಗೆ ಹೇಳುತ್ತಿದ್ದಾನೆ ಎನ್ನಿಸಿ ಕುಮುದಾಳ ಮೈ ಉರಿಯಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಅಕ್ಕ, ನೀ ಎಂತ ಹೇಳ್ತಿ?"

"ಅಪ್ಪಯ್ಯನೇ ಹೇಳಿದ್ನಲ್ಲ. ನಂದೇನು?"

ಹಾಳೆಯನ್ನು ಫೋರ್ಕಿಗೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಳು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಸೌಜನ್ಯ ಸೈಕಲ್ ಹತ್ತಿ ಒಂದು ಸುತ್ತು ಹೊಡೆದು ಬಂದಳು. ಅಪ್ಪ ಬಿಸಿಲಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ, ಕುಮುದಾ ಅವನನ್ನು ನೋಡುತ್ತಿದ್ದಳು. ಹೋಗುತ್ತದೆ ಬಿಡು ಮೋಟಾರು, ಎಂದುಕೊಂಡಳು. ಆಗ ಗೊತ್ತಾಗಲಿ ಯಾರಿಗೆ ಏನು ಬರುತ್ತದೆ ಎಂದು. ಹಾಗೆ ಅಂದುಕೊಂಡಾಗ ಸಿಕ್ಕಿದ ಸಮಾಧಾನಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೆ ಸಮಾಧಾನವೇನೂ ಹೋಗಲಿಲ್ಲ.

ಆಷಾಢದ ಮಳೆ ಹಿಡಿದು ಬಡಿಯತೊಡಗಿತು. ಫೋನಿನಲ್ಲಿ ಸೌಜನ್ಯ ಸೈಕಲ್ಲನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಫೋನ್ ಮಾಡಿದಾಗಲೆಲ್ಲ ಕೆರಿಯಪ್ಪ ಬಲಗೈಯಲ್ಲಿ ಮೊಬೈಲನ್ನು ಕಿವಿಗೊತ್ತಿಕೊಂಡು ಮಾತಾಡುತ್ತಿದ್ದ. ಫೋನಿಟ್ಟ ಮೇಲೆ ಮತ್ತೆ ಮೌನ. ಕುಮುದಾ ಆ ಮೌನದ ಪಕ್ಕದಲ್ಲಿ ಕೂತು ಟ್ಯೂಬು ಉಜ್ಜುತ್ತಿದ್ದಳು. ಮುಂದಿನ ಸಲ ಫೋನ್ ಬಂದಾಗ ಉದ್ದನೆಯ ಗಾರ್ಡಿನ ವಿಷಯ ಹೇಳಬೇಕೆಂದು ಒಂದೆರಡು ಸಲ ಅಂದುಕೊಂಡದ್ದುಂಟು. ಫೋನ್ ಬಂದಾಗ ಅಪ್ಪನ ಮುಖ ಅರಳುವುದನ್ನು ನೋಡಿ ಸುಮ್ಮನಾಗುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಸೌಜನ್ಯಳ ಫೋನು ಬಂದದ್ದು ನೇರ ಕುಮುದಾಳಿಗೇ. "ಅಕ್ಕ, ಸೈಕಲ್ ಕೈ ಕೊಡ್ತು. ಭಾವನ ಆಟೋ ತಗಂಡು ಬರ್ತೀಯಾ?" ಎಂದಳು. 

ಪಕ್ಕದ ಟೈಲರ್ ಪುಷ್ಪಮ್ಮನಿಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ, ಗಣೇಶನೊಂದಿಗೆ ಕುಮುದಾ ಹೊರಟಳು. ನಗರ ಎಂಬ ಊರು ದಾಟಿ, ಘಟ್ಟದ ಅಂಚಿನ ಆ ರಸ್ತೆಯಲ್ಲಿ ಹೋಗುವಾಗ ಗಣೇಶ್, "ಹೊಸಾ ಗಾಡಿ. ಇಷ್ಟು ಬೇಗ ಹೆಂಗೆ ಹಾಳಾಯ್ತು?" ಎಂದ. ಅವಳು ಹೊರಗೆ ನೋಡುತ್ತ ಕೂತಳು.

ಸೌಜನ್ಯ ಒಂದು ಮಣ್ಣುದಾರಿಯ ಬಾಯಲ್ಲಿ ರೇನ್‌ಕೋಟಿನೊಳಗೂ ತೊಯ್ದು ನಿಂತಿದ್ದಳು. ಸೈಕಲ್ಲು ಕೆಸರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಆಟೋದಲ್ಲಿ ಕೂತ ಮೇಲೆ ಅವಳು ಹೇಳಿದಳು. ಗುಡ್ಡದ ತಲೆಯ ಮನೆಯ ಯಮುನಮ್ಮ ಸಕ್ಕರೆ ಕಾಯಿಲೆಯವಳು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ಕೂತವಳಿಗೆ ಬೆವರು ಕಿತ್ತುಕೊಂಡು, ಮಾತು ತಪ್ಪಿ ಹೋಗಿತ್ತಂತೆ. ಮನೆಯವರು ಹೆದರಿ ಫೋನ್ ಮಾಡಿದ್ದರು. ಸೌಜನ್ಯ ಹೊರಟಳು. ಕಡಿದಾದ ಏರಿನ ನಡುವೆ ಮೋಟಾರು ಒಮ್ಮೆಲೇ ನಿಂತುಹೋಯಿತು. ಜೇಡಿನಲ್ಲಿ ಅಷ್ಟು ಭಾರದ ಸೈಕಲ್ಲನ್ನು ತಳ್ಳಿ, ಆಗದೆ ದಾರಿಯಲ್ಲೇ ಬಿಟ್ಟು ಓಡಿದಳು.

"ಓಡ್ತಾ ಓಡ್ತಾನೇ ಫೋನ್ ಮಾಡಿ, ಗುಟುಕರಿಸ್ತಾಳಾ ಕೇಳ್ದೆ. ಹೌದು ಅಂದ್ರು. ಬೆಲ್ಲದ ನೀರು ಕುಡ್ಸಿ ಅಂದೆ. ನಾ ಹೋಗೋ ಹೊತ್ತಿಗೆ ಕಣ್ಣು ಬಿಟ್ಟಿದ್ಲು. ಅವಳಿಗೆ ನುಂಗಕ್ಕೆ ಆಗ್ದೇ ಇದ್ದಿದ್ರೆ ಎಂತ ಮಾಡ್ತಿದ್ರು ಅಕ್ಕ? ಗ್ಲೂಕೋಸ್ ಸೂಜಿ ನನ್ ಬ್ಯಾಗಲ್ಲಿ, ನಾನು ಕೆಸರಲ್ಲಿ." ಅವಳು ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು.



ಅಂಗಡಿಗೆ ಬಂದವಳೇ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ನೀರು ಬಿಟ್ಟು ತೊಳೆದು, ಮೋಟಾರಿನ ಕೆಳಗಿನ ಮುಚ್ಚಳ ಬಿಚ್ಚಿದಳು. ಒಳಗೆ ಕೆಂಪು ಜೇಡು ಇಟ್ಟಿಗೆಯ ಹಾಗೆ ಗಟ್ಟಿ ಕೂತಿತ್ತು. ಅದರಲ್ಲಿ ಕೊಳೆತ ಎಲೆ, ಸಣ್ಣ ಕಲ್ಲು. ವೈರುಗಳು ಕೂಡುವಲ್ಲಿ ನೀರು ನಿಂತಿತ್ತು. ಚಾಕುವಿನ ತುದಿಯಿಂದ ಒಂದೊಂದೇ ಚೂರು ಕೆರೆದು ತೆಗೆದಳು. ಮೋಟಾರಿನ ಒಳಗಂತೂ ತೆರೆಯುವಂತಿರಲಿಲ್ಲ, ಅದು ಕಂಪನಿಯವರ ಕೆಲಸ. ಒಳಗೆ ನೀರು ಹೊಕ್ಕಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು, ವೈರಿನ ಕೀಲುಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಗಾಳಿ ಹೊಡೆದಳು.

ಸೌಜನ್ಯ ಬಟ್ಟೆ ಬದಲಿಸಲು ಪುಷ್ಪಮ್ಮನಲ್ಲಿಗೆ ಹೋಗಿದ್ದಳು. ಕೆರಿಯಪ್ಪ ಕುರ್ಚಿಯಲ್ಲಿ ಕೂತು ನೆಲಕ್ಕೆ ಬಿದ್ದ ಜೇಡಿನ ಗುಪ್ಪೆಯನ್ನೇ ನೋಡುತ್ತಿದ್ದ.

ಕುಮುದಾಳಿಗೆ ತಡೆಯಲಾಗಲಿಲ್ಲ. "ಅಪ್ಪಯ್ಯ, ಆ ಗಿಡ್ಡದ್ದು ಸಾಕಾಗಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ? ಅವಳು ಹೇಳಿದ್ಲು ಅಂತ ಹೂಂ ಅಂದ್ಯಲ್ಲ?"

ಅವನು ಗುಪ್ಪೆಯಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಗೊತ್ತಾಗ್ಲಿಲ್ಲ ಕಣೆ," ಎಂದ.

"ಗೊತ್ತಾಗ್ಲಿಲ್ಲ ಅಂದ್ರೆ?"

"ಈಗೀಗ ಎಂತದೂ ತಲೆಗೆ ಹತ್ತಲ್ಲ. ಚಕ್ರ ಕಾಣ್ತದೆ, ಅದು ಹೆಂಗೆ ಅಂತ ಬರಲ್ಲ. ಅವಳ ಎದುರು ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು." ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. "ನೀ ಇದ್ಯಲ್ಲ. ತಪ್ಪಾದ್ರೆ ನೀ ಹೇಳ್ತಿ ಅನ್ಕಂಡೆ."

ಕುಮುದಾ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತಳು. ಅಪ್ಪ ಬಯ್ದಿದ್ದರೂ ಸಹಿಸಬಹುದಿತ್ತು.

ಸೌಜನ್ಯ ಪುಷ್ಪಮ್ಮನ ಸೀರೆ ಉಟ್ಟುಕೊಂಡು ಬಂದಳು. ಕುಮುದಾ ಬ್ಯಾಟರಿ ಕೂರಿಸಿ, ಗುಂಡಿ ಒತ್ತಿ ಪೆಡಲ್ ತಿರುಗಿಸಿದಾಗ ಮೋಟಾರು ಮೆಲ್ಲಗೆ ಗುಂಯ್‌ಗುಟ್ಟಿತು. "ಅಬ್ಬ, ಅಕ್ಕ, ನೀ ಇಲ್ದೇ ಹೋದ್ರೆ..." ಎಂದು ಸೌಜನ್ಯ ಶುರು ಮಾಡಿದಳು.

"ಹೊಗಳಬೇಡ," ಎಂದಳು ಕುಮುದಾ. "ಆ ಮಡ್‌ಗಾರ್ಡು ಸಾಲಲ್ಲ ಅಂತ ಅವತ್ತೇ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕೆ?"

"ಅಪ್ಪಯ್ಯ ನಿನ್ ಹತ್ರ ಮಾತಾಡ್ತಿದ್ದ. ನನ್ ಹತ್ರ ಆಡಲ್ಲ. ಅದಕ್ಕೆ."

ಸೌಜನ್ಯಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪೇರಿತು. "ನನ್ ಮೇಲೆ ಸಿಟ್ಟಿದ್ರೆ ನಂಗೆ ಎರಡು ಬಾರಿಸ್ಬೇಕಿತ್ತು. ಯಮುನಮ್ಮ ನಿಂಗೆ ಎಂತ ಮಾಡಿದ್ಲು?" ಎಂದವಳು ಅಪ್ಪನಿಗೆ ಹೋಗಿ ಬರುತ್ತೇನೆಂದು ಹೇಳಿ, ಗಣೇಶನ ಆಟೋಕ್ಕೆ ಸೈಕಲ್ ಏರಿಸಿಕೊಂಡು ಹೊರಟೇ ಹೋದಳು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಫೋನು ಬರುತ್ತಿದ್ದದ್ದು ಗಣೇಶನಿಗೆ. ಅವನೇ ಮೊಬೈಲನ್ನು ಮಾವನ ಕಿವಿಗೆ ಹಿಡಿಯುತ್ತಿದ್ದ. ಈಗ ಅಪ್ಪ ಮಾತಾಡುವಾಗ ಕುಮುದಾಳಿಗೆ ಎರಡು ತರದ ಸಂಕಟ. ಅಪ್ಪ ತಂಗಿಯೊಂದಿಗೆ ಆಡುತ್ತಾನೆ ಎಂಬುದೊಂದು, ತಂಗಿ ತನ್ನೊಂದಿಗೆ ಆಡುವುದಿಲ್ಲ ಎಂಬುದು ಇನ್ನೊಂದು.

ಒಂದು ಸೋಮವಾರ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿ ಸಾಗರಕ್ಕೆ ಹೋದಳು. ಅವಳು ಸಾಮಾನು ತರುತ್ತಿದ್ದದ್ದು ಅಲ್ಲಿನ ನಿರಂಜನನ ಹೋಲ್‌ಸೇಲ್ ಅಂಗಡಿಯಿಂದ. ಅವನು ಮಡ್‌ಗಾರ್ಡುಗಳನ್ನೆಲ್ಲ ಕೌಂಟರಿನ ಮೇಲೆ ಹರವಿದ. ಹೊಳೆಯುವ ಅಲ್ಯೂಮಿನಿಯಂ ಗಾರ್ಡು ಮೊದಲ ನೋಟಕ್ಕೆ ಗಟ್ಟಿಯೆನಿಸಿತು. ಆದರೆ ಅಗಲ ಸಾಲದು. ದಪ್ಪ ಟಯರಿಗೂ ಅದಕ್ಕೂ ನಡುವೆ ಜೇಡು ಕಚ್ಚಿಕೊಂಡರೆ ಚಕ್ರವೇ ತಿರುಗದು. ಇನ್ನೊಂದು ಅಗಲವಿತ್ತು, ಆದರೆ ಅದನ್ನು ಕಟ್ಟುವುದು ಫೋರ್ಕಿನ ಮೇಲ್ಭಾಗಕ್ಕೆ. ಗುಂಡಿಗೆ ಇಳಿದು ಶಾಕ್ ಕುಗ್ಗಿದಾಗ ಟಯರು ಹೋಗಿ ಅದಕ್ಕೆ ಉಜ್ಜುತ್ತದೆ. ಕೊನೆಗೆ ಫೋರ್ಕಿನ ಕೆಳಭಾಗಕ್ಕೇ ಬಿಗಿಯುವ, ಚಕ್ರದ ಜೊತೆಗೇ ಏರಿಳಿಯುವ, ಒಳಗೆ ಎರಡು ಬೆರಳು ತೂರುವಷ್ಟು ಸಂದು ಉಳಿಯುವ ಉದ್ದನೆಯ ಪ್ಲಾಸ್ಟಿಕ್ ಗಾರ್ಡನ್ನು ಆರಿಸಿಕೊಂಡಳು. ಹಾಲಿನವರ ಸೈಕಲ್ಲಿನ ಹಾಗೆ ಕಾಣುವುದಂತೂ ನಿಜವೇ.

"ಯಾರಿಗೆ ಇಷ್ಟು ಹುಡುಕ್ತಿದೀರಿ?" ನಿರಂಜನ ಕೇಳಿದ.

"ತಂಗಿಗೆ," ಎಂದಳು.

ಮುಂದಿನ ಭಾನುವಾರ ಗಣೇಶನ ಆಟೋದಲ್ಲಿ ಅಪ್ಪನನ್ನೂ ಕೂರಿಸಿಕೊಂಡು ತಂಗಿಯ ಉಪಕೇಂದ್ರಕ್ಕೆ ಹೋದಳು. ಸೌಜನ್ಯ ಹೊರಗೆ ಬಂದು ಅಪ್ಪನ ಕೈ ಹಿಡಿದು ಇಳಿಸಿ ಜಗಲಿಯಲ್ಲಿ ಕೂರಿಸಿದಳು. ಭಾವನಿಗೆ ನೀರು ಕೊಟ್ಟಳು. ಅಕ್ಕನಿಗೆ ಏನೂ ಅನ್ನಲಿಲ್ಲ.

ಕುಮುದಾ ಸೀದಾ ಸೈಕಲ್ಲಿನ ಹತ್ತಿರ ಹೋಗಿ ಕೂತಳು. ಟೈಗಳನ್ನು ಕತ್ತರಿಸಿ ಗಿಡ್ಡ ಹಾಳೆಯನ್ನು ತೆಗೆದಳು, ಹೊಸ ಗಾರ್ಡನ್ನು ಕೂರಿಸಿದಳು, ಲಾರಿ ಟ್ಯೂಬಿನಿಂದ ಕತ್ತರಿಸಿ ತಂದಿದ್ದ ರಬ್ಬರಿನ ತುಂಡನ್ನು ಅದರ ಬುಡಕ್ಕೆ ಬೋಲ್ಟು ಹಾಕಿದಳು. ಚಕ್ರ ಅಲ್ಲಾಡುತ್ತಿತ್ತು. ಸೌಜನ್ಯ ಜಗಲಿಯಿಂದ ಇಳಿದು ಬಂದು ಅದನ್ನು ಹಿಡಿದುಕೊಂಡಳು.

"ಇನ್ನೊಂಚೂರು ಕೆಳಗೆ ಬರ್ಲಿ," ಎಂದಳು ಸ್ವಲ್ಪ ಹೊತ್ತಿಗೆ.

"ಕೆಳಗೆ ಬಂದ್ರೆ ಕಲ್ಲಿಗೆ ಸಿಕ್ಕಿ ಕೀಳ್ತದೆ."

"ಸರಿ."

ಕೆಲಸ ಮುಗಿದ ಮೇಲೆ ಸೌಜನ್ಯ ಸೈಕಲ್ ಹತ್ತಿ ಗೇಟಿನಾಚೆಯ ಕೆಸರಿಗೇ ಇಳಿದಳು. ರಾಡಿ ಎದ್ದಿದ್ದ ದಾರಿಯಲ್ಲಿ ಬೇಕೆಂದೇ ಜೋರಾಗಿ ತುಳಿದು ಹೋಗಿ ಬಂದಳು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ರಬ್ಬರಿನ ತುಂಬ ಕೆಸರು. ಮೋಟಾರಿನ ಮೇಲೆ ಎಲ್ಲೋ ನಾಲ್ಕು ಹನಿ.

"ಇನ್ನೊಂದ್ ಸಲ ಗೊತ್ತಿದ್ದೂ ಸುಮ್ನಿದ್ರೆ ನೋಡು," ಎಂದಳು ಸೌಜನ್ಯ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಹೇಳ್ತೀನಿ. ನೀ ಕೇಳ್ದೇ ಇದ್ರೂ ಹೇಳ್ತೀನಿ."

ಊಟವಾದ ಮೇಲೆ ಕೆರಿಯಪ್ಪ ಸೌಜನ್ಯಳೊಂದಿಗೆ ಮಾತಿಗೆ ಕೂತ. ಹಳೇ ಕಾಲದಲ್ಲಿ ಈ ಕಡೆ ಡ್ಯಾಮು ಕಟ್ಟುವಾಗ ಕೆಲಸಕ್ಕೆ ಬಂದ ಜನರ ಸೈಕಲ್ಲುಗಳನ್ನು ರಿಪೇರಿ ಮಾಡಿದ ಕತೆ. ನಡುನಡುವೆ ತಪ್ಪಿ, ಹೆಸರು ಮರೆತು, ಮತ್ತೆ ಹಿಡಿದು ಹೇಳುತ್ತಿದ್ದ. ಕುಮುದಾ ಆ ಕತೆಯನ್ನು ಕೇಳಿರಲೇ ಇಲ್ಲ. ಎದೆಯಲ್ಲಿ ಮತ್ತೆ ಅದೇ ಚುಚ್ಚು ಎದ್ದಿತು. ಅದು ಹೊಟ್ಟೆಕಿಚ್ಚೆಂದು ಗೊತ್ತಾದ ಮಾತ್ರಕ್ಕೆ ಹೋಗುವುದಿಲ್ಲ ಎಂಬುದು ಅವಳಿಗೆ ಆಶ್ಚರ್ಯವೆನಿಸಿತು. ಈ ಸಲ ನುಂಗಿಕೊಳ್ಳಲಿಲ್ಲ.

"ಅಪ್ಪಯ್ಯ, ಎಲ್ಲಾ ಕತೆ ಅವಳಿಗೇನಾ? ಅಂಗಡೀಲಿ ನನ್ ಹತ್ರ ಒಂದ್ ಮಾತಾಡಕ್ಕೆ ನಿಂಗೆ ಎಂತ ಆಗ್ತದೆ?"

ಕೆರಿಯಪ್ಪ ಅವಳನ್ನು ನಿಜಕ್ಕೂ ಬೆರಗಿನಿಂದ ನೋಡಿದ. "ಮಾತಾಡಕ್ಕೆ ಸುಸ್ತಾಗ್ತದೆ ಕಣೆ. ಇವಳು ಬರದೇ ಅಪರೂಪ. ನೀ ಎಂತ ನೆಂಟ್ಳಾ?"

ಗಣೇಶ್ ನಕ್ಕುಬಿಟ್ಟ, ಸೌಜನ್ಯಳೂ ನಕ್ಕಳು. ಕುಮುದಾಳಿಗೆ ನಗುವೂ ಬಂತು, ಅಳುವೂ ಬಂತು. "ನೆಂಟರ ತರ ತಿಂಗಳಿಗೊಂದ್ ದಿನನಾದ್ರೂ ನೋಡ್ಕೋ," ಎಂದು ಹೇಳಿ, ಅವನ ಎಡಗೈಯನ್ನು ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡು ಆಟೋದ ಕಡೆಗೆ ನಡೆಸಿಕೊಂಡು ಹೋದಳು.