ವೀನಸ್ ದೇವತೆಯ ಕಿರುಬೆರಳು

ಈ ಪ್ರತಿಮೆಯ ಮೂಗು ನನ್ನದಲ್ಲ, ದೇವರು ದೊಡ್ಡವನು, ಹಣೆಯಿಂದ ನೇರ ಇಳಿದ ಇಂಥ ಮೂಗು ನಮ್ಮ ಓಣಿಯಲ್ಲೇ ಯಾರಿಗೂ ಇಲ್ಲ, ಶಿಲ್ಪಿ ಕಮಿಲ್ಲೊ ಮಾತು ಉಳಿಸಿಕೊಂಡಿದ್ದಾನೆ — ಹೆದರಬೇಡ ಪಲ್ಮೀರಾ, ನಾನು ಕೆತ್ತೋದು ವೀನಸ್‌ನ, ನಿನ್ನನ್ನಲ್ಲ, ನಿನ್ನ ಮೊಂಡು ಮೂಗು ಇಟ್ರೆ ಗ್ರೀಕರೆಲ್ಲ ಗೋರಿಯಿಂದ ಎದ್ದು ಬೈತಾರೆ ಅಂದಿದ್ದ, ಆಗ ಸಿಟ್ಟು ಬಂದಿತ್ತು, ಈಗ ಅವನ ಕೈಗೆ ಮುತ್ತಿಡಬೇಕೆನಿಸುತ್ತದೆ, ಅಪ್ಪ ಹಾಸಿಗೆ ಹಿಡಿದಿದ್ದ ಆ ಚಳಿಗಾಲ ಔಷಧಿಯ ದುಡ್ಡಿಗಾಗಿ ಇದೇ ಕೋಣೆಯಲ್ಲಿ ಬರಿಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತಿದ್ದೆ, ನೆರಿಗೆ ಮೈಗಂಟಬೇಕಂತೆ, ಹಲ್ಲು ಕಟಕಟ — ನಜಾರೆನೊಗೆ ಗೊತ್ತಾದರೆ ಬರುವ ಭಾನುವಾರದ ಮದುವೆ ಅಲ್ಲಿಗೇ ಮುಗಿಯಿತು, ನಮ್ಮ ಟ್ರಾಸ್ಟೆವೆರೆ ಕೇರಿಯ ಬಾಯಿಗೆ ಬಿದ್ದೆ, ಇವತ್ತು ಇಲ್ಲಿಗೆ ಕರೆತಂದವನೂ ಅವನೇ, ರೋಮ್‌ಗೆ ರೋಮೇ ನೋಡ್ತಿದೆ ಬಾ ಪಲ್ಮೀ, ಅಮ್ಮನೂ ಬರ್ತಾಳೆ, ಬಂದ, ನೋಡಿದ, ಎಂಥ ಮೂಗು ನೋಡೇ, ನೀನೂ ಇದೀಯ, ಅಂದ, ಅಬ್ಬಾ, ಹೋದ ಜೀವ ಬಂತು, ಈಗ ಬಾಗಿಲ ಬಳಿ ಗೆಳೆಯರ ಜೊತೆ ಹರಟುತ್ತಿದ್ದಾನೆ, ಅವನಮ್ಮ ಓರ್ಸೊಲಾ ಮಾತ್ರ ಕದಲುತ್ತಿಲ್ಲ, ಚರ್ಚಿನಲ್ಲಿ ಸಂತ ಪೀಟರನ ಪ್ರತಿಮೆಯ ಪಾದ ಮುಟ್ಟಿ ಮುಟ್ಟಿ ಅಭ್ಯಾಸ, ಯಾವ ಪ್ರತಿಮೆ ಕಂಡರೂ ಕೈ ಕಾಲಿಗೇ ಹೋಗುತ್ತದೆ, ಹೋಯಿತು — ಅಯ್ಯೋ ಕಮಿಲ್ಲೊ, ಮೂಗು ಬದಲಿಸಿದೆಯಲ್ಲ ಪುಣ್ಯಾತ್ಮ, ಕಾಲು? ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ನನ್ನದೇ, ಅಚ್ಚು ನನ್ನದೇ, ಬಟ್ಟೆ ಒಗೆಯುವ ಕೊಳದಲ್ಲಿ ಇದೇ ಮುದುಕಿಯ ಪಕ್ಕ ಬರಿಗಾಲಲ್ಲಿ ನಿಲ್ಲುತ್ತೇನಲ್ಲ, ಕೋಳಿ ಮೊಟ್ಟೆಗೆ ಕೂತ ಹಾಗೆ ಕೂತಿದೆಯಲ್ಲೇ ನಿನ್ನ ಬೆರಳು ಅಂತ ನಕ್ಕವಳು ಇವಳೇ — ಬೂಟಿನೊಳಗೆ ಬೆರಳು ಮುದುಡುತ್ತದೆ, ಅವಳ ಕೈ ನಿಂತಿತು, ತಲೆ ಎತ್ತಿದಳು, ನನ್ನ ಮುಖ, ನನ್ನ ಬೂಟು, ಮತ್ತೆ ಮುಖ, ಕಳ್ಳನ ಮನಸ್ಸು ಹುಳ್ಳಗೆ, ಎಲ್ಲ ಮುಖದ ಮೇಲೇ ಬರೆದಿರಬೇಕು, ಈಗ ಕಿರುಚುತ್ತಾಳೆ, ಈಗ, ಅಷ್ಟರಲ್ಲಿ ನಜಾರೆನೊ ಬಂದೇಬಿಟ್ಟ, ಏನಮ್ಮಾ, ಅಲ್ಲೇ ಬಗ್ಗಿಬಿಟ್ಟೆ, ಏನಿದೆ ಆ ಕಾಲಲ್ಲಿ, ತೋರಿಸು — ಅವಳ ಅಂಗೈ ಅಗಲವಾಗಿ ಬೆರಳಿನ ಮೇಲೆ ಕೂತಿತು, ಏನಿರುತ್ತೋ, ಕಲ್ಲು, ನನ್ನ ಸೊಂಟ ಹಿಡ್ಕೊಂಡಿದೆ, ನಿನ್ನ ಗೆಳೆಯರು ಕಾಯ್ತಿದಾರೆ ಹೋಗು ಅತ್ಲಾಗೆ — ಹೋದ, ಹೋಗೇಬಿಟ್ಟ, ಅವಳು ಕೈ ತೆಗೆಯಲಿಲ್ಲ, ಆಗ ನಿಮ್ಮಪ್ಪನಿಗೆ ಹುಷಾರಿರಲಿಲ್ಲ ಅಲ್ವೇನೇ, ಹೂಂ ಅತ್ತೆ, ಬಹಳ ಚಳಿ ಆಗಿರ್ಬೇಕು ಮಗಾ — ಅಳು ಬಂತು, ನಗುವೂ ಬಂತು, ಎದೆಯ ಮೇಲಿನ ಕಲ್ಲು ಇಳಿಯಿತು, ಭಾನುವಾರ ಮದುವೆ, ನಿಜಕ್ಕೂ ಮದುವೆ, ಸೋಪಿಗೆ ಬಿರಿದ ಆ ಕೆಂಪು ಅಂಗೈ, ಅದರ ಕೆಳಗೆ ನನ್ನ ಬಿಳಿ ಕಿರುಬೆರಳು, ಆ ಅಂಗೈ, ಇನ್ನೂ ತೆಗೆದಿಲ್ಲ, ಆ ಅಂಗೈ —