ಒಬ್ಬಳಿಗೇ ಕೊಟ್ಟ ಸೂಟಿ

ಮನೋಳಿಯಿಂದ ಮೂರು ಮೈಲಿ ದೂರದ ತೋಟದ ಶಾಲೆಯಲ್ಲಿ ಶೈಲಶ್ರೀ ಒಂದನೆಯ ತರಗತಿಗೆ ಪಾಠ ಹೇಳುತ್ತಿದ್ದಳು. ದಿನಾ ಬೆಳಿಗ್ಗೆ ಸವದತ್ತಿಯಿಂದ ಸ್ಕೂಟಿಯ ಮೇಲೆ ಬರುತ್ತಿದ್ದಳು. ಅಲ್ಲಿಗೆ ಬಂದು ಆರು ವರ್ಷವಾಗಿತ್ತು. ಅವಳ ತರಗತಿಯ ಮಕ್ಕಳು ಅಂಕಿ ಎಣಿಸುವುದು ಸುತ್ತಲಿನ ಶಾಲೆಗಳಲ್ಲೆಲ್ಲ ಹೆಸರಾಗಿತ್ತು. ಹತ್ತೊಂಬತ್ತು ಮಕ್ಕಳು ಒಂದೇ ದನಿಯಲ್ಲಿ ಒಂದರಿಂದ ಐವತ್ತರವರೆಗೆ ಓಡುತ್ತಿದ್ದರೆ ಬದುವಿನಲ್ಲಿ ಮೇವು ಕೊಯ್ಯುವವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಹತ್ತೊಂಬತ್ತರಲ್ಲಿ ಎಲ್ಲರಿಗಿಂತ ಜೋರು ದನಿ ಮಧು ಎಂಬ ಹುಡುಗಿಯದು. ತಾಯಿಯಿಲ್ಲದ ಆ ಆರು ವರ್ಷದ ಮಗುವನ್ನು ಅಜ್ಜಿ ಯಲ್ಲವ್ವ ಸಾಕಿದ್ದಳು. ಎಲ್ಲರ ಜೊತೆ ಸೇರಿ ಕೂಗುವಾಗ ಮಧು ಎಲ್ಲೂ ತಪ್ಪುತ್ತಿರಲಿಲ್ಲ. ಒಬ್ಬಳನ್ನೇ ಕೂಡಿಸಿ ಹುಣಸೆ ಬೀಜ ಎಣಿಸು ಎಂದರೆ ಮಾತ್ರ ಐದು ಬೀಜಕ್ಕೆ ಒಂಬತ್ತು ಅನ್ನುತ್ತಿದ್ದಳು. ಅಂಕಿಯ ಕಾರ್ಡು ಕೊಟ್ಟು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸು ಎಂದರೆ, ಅಂಚಿಗೆ ಅಂಚು ಕೂಡಿಸಿ ಬಲು ಚೆಂದಾಗಿ ಮೂರು, ಎಂಟು, ಒಂದು ಎಂದು ಇಡುತ್ತಿದ್ದಳು. ಶೈಲಶ್ರೀ ನಾಲ್ಕೈದು ಸಲ ಹೇಳಿಕೊಟ್ಟು ನೋಡಿದಳು. ಆಮೇಲೆ, ಇದು ಈ ಹುಡುಗಿಯ ತಲೆಗೆ ಹತ್ತುವುದಲ್ಲ ಎಂದು ತನ್ನೊಳಗೇ ತೀರ್ಮಾನಿಸಿ ಸುಮ್ಮನಾದಳು.

ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಮಕ್ಕಳು ಎಣಿಸುವುದನ್ನು ನೋಡಲು ಬರುತ್ತಾರೆಂದು ಸುದ್ದಿ ಬಂತು. ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರಂತೆ. ಅವರು ಬರುವ ಹಿಂದಿನ ದಿನ ಶಾಲೆ ಬಿಟ್ಟಾಗ ಶೈಲಶ್ರೀ ಮಧುವನ್ನು ನಿಲ್ಲಿಸಿಕೊಂಡು, ನಾಳೆ ನಿನಗೆ ಸೂಟಿ, ಶಾಲೆಗೆ ಬರಬೇಡ ಎಂದಳು. ಹುಡುಗಿಯ ಕಣ್ಣುಗಳು ಅರಳಿದವು.

"ನನಗಷ್ಟ ಏನ್ರಿ ಅಕ್ಕೋರ?"

"ಹೂಂ, ನಿನಗಷ್ಟ."

ಮಧು ಚೀಲವನ್ನು ಎದೆಗೆ ಅವಚಿಕೊಂಡು ಓಡಿದಳು.

ಮರುದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಅಧಿಕಾರಿ ನಾಲ್ಕು ಮಕ್ಕಳನ್ನು ಕರೆದು ಕೇಳಿದರು, ನಾಲ್ವರೂ ಹೇಳಿದರು. ಭೇಟಿ ಪುಸ್ತಕದಲ್ಲಿ ಅವರು ಬರೆದ ಎರಡು ಸಾಲು ಹೊಗಳಿಕೆಯನ್ನು ಮುಖ್ಯಗುರು ಮಲಕಾಜಪ್ಪ ಎಲ್ಲರಿಗೂ ಓದಿ ಹೇಳಿದರು. ಹಾಜರಿಯಲ್ಲಿ ಮಧುವಿನ ಹೆಸರಿನ ಮುಂದೆ ಗೈರು ಎಂದು ಹಾಕುವಾಗ ಶೈಲಶ್ರೀಗೆ ಏನೂ ಅನ್ನಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಯಲ್ಲವ್ವ ಮೊಮ್ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಹಬ್ಬಕ್ಕೆ ಉಡುವ ಇಲಕಲ್ಲ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಿಳಿ ಅರಿವೆ ಕಟ್ಟಿದ ಬುಟ್ಟಿ.

"ಶಾಣ್ಯಾ ಹುಡುಗರಿಗಷ್ಟ ಅಕ್ಕೋರು ಸೂಟಿ ಕೊಡ್ತಾರಂತ ನಮ್ಮ ಮಧು ಹೇಳಿದ್ಲರಿ," ಅಂದಳು. "ನಮ್ಮ ಮನ್ಯಾಗ ಯಾರಿಗೂ ಅಕ್ಷರ ಹತ್ತಿಲ್ಲ. ಇಕೀಗಿ ಹತ್ತೈತಲ್ಲ, ಅದಕ್ಕ ಒಂದೀಟ ಶೇಂಗಾದ ಹೋಳಿಗಿ ಮಾಡ್ಕೊಂಡ ಬಂದೇನಿ."

ಶೈಲಶ್ರೀಗೆ ಕಿವಿಯ ತುದಿ ಸುಟ್ಟಂತಾಯಿತು. ನಿಜ ಹೇಳಲು ಅದೇ ಹೊತ್ತಾಗಿತ್ತು. ಆದರೆ ಮುಖ್ಯಗುರುಗಳು ಪಕ್ಕದಲ್ಲೇ ನಿಂತು ನಗುತ್ತಿದ್ದರು. "ಹೌದಬೇ, ಶಾಣ್ಯಾಕಿ ಅದಾಳ," ಎಂದುಬಿಟ್ಟಳು.

ಅಕ್ಕೋರಿಗೆ ನೀನೇ ಎಣಿಸಿ ಕೊಡು ಎಂದಳು ಅಜ್ಜಿ. ಮಧು ಹೋಳಿಗೆಗಳನ್ನು ಒಂದೊಂದಾಗಿ ತಾಟಿಗೆ ಇಡತೊಡಗಿದಳು. ಬಾಯಿ ತರಗತಿಯ ರಾಗದಲ್ಲೇ ಓಡುತ್ತಿತ್ತು, ಕೈ ಮಾತ್ರ ಸಾವಕಾಶ. ಎರಡನೆಯ ಹೋಳಿಗೆ ಬುಟ್ಟಿಯಿಂದ ಮೇಲೆ ಬರುವುದರೊಳಗೆ ಬಾಯಿ ನಾಲ್ಕು ದಾಟಿತ್ತು. ಆರನೆಯದನ್ನು ಇಟ್ಟು, "ಹದಿಮೂರ ಆದೂರಿ," ಎಂದು ತಲೆಯೆತ್ತಿದಳು. ಎಣಿಸಲು ಬಾರದ ಯಲ್ಲವ್ವ ಹೆಮ್ಮೆಯಿಂದ ಎಲ್ಲರ ಮುಖ ನೋಡಿದಳು.

ಶೈಲಶ್ರೀಗೆ ಆಗ ಮೊದಲ ಸಲ ಹೊಳೆಯಿತು. ಹುಡುಗಿಗೆ ಅಂಕಿಗಳ ಸಾಲು ಬಾಯಿಗೆ ಬರುತ್ತಿತ್ತು. ಒಂದು ಮಾತಿಗೆ ಒಂದೇ ವಸ್ತು ಎಂಬುದನ್ನು ಮಾತ್ರ ಯಾರೂ ತೋರಿಸಿಕೊಟ್ಟಿರಲಿಲ್ಲ. ಆ ಓಟವನ್ನು ಕಲಿಸಿದವಳು ತಾನೇ. ಇಷ್ಟು ತಿಂಗಳಲ್ಲಿ ಒಂದು ಸಲವೂ ಹುಡುಗಿಯ ಬಾಯನ್ನಲ್ಲದೆ ಬೆರಳನ್ನು ನೋಡಿರಲಿಲ್ಲ.

ಮನೆಗೆ ಒಯ್ದ ಹೋಳಿಗೆಯನ್ನು ಅವಳಿಗೆ ತಿನ್ನಲಾಗಲಿಲ್ಲ. ಮರುದಿನ ಶಾಲೆಗೆ ಹೋಗುವ ಮೊದಲು ಯಲ್ಲವ್ವನ ಮನೆಗೆ ಹೋದಳು. ಯಲ್ಲವ್ವ ಕಟ್ಟೆಯ ಮೇಲೆ ಕೂತು ಮಧುವಿಗೆ ಹೆರಳು ಹಾಕುತ್ತಿದ್ದಳು. ಶೈಲಶ್ರೀ ಕೂಡಲಿಲ್ಲ. ನಿಂತುಕೊಂಡೇ ಹೇಳಿದಳು: ಸೂಟಿ ಕೊಟ್ಟದ್ದು ಶಾಣ್ಯಾಳೆಂದಲ್ಲ, ಎಣಿಕೆ ಬರುವುದಿಲ್ಲವೆಂದು. ಬಂದವರ ಮುಂದೆ ತನ್ನ ಮಾನ ಹೋದೀತೆಂದು. ನಿನ್ನೆ ಹೇಳಿದ್ದೂ ಸುಳ್ಳೇ.

ಹೆರಳು ಹಾಕುತ್ತಿದ್ದ ಕೈ ನಿಂತಿತು.

"ನಾ ಓಣಿ ತುಂಬ ಹೇಳ್ಕೊಂಡ ಬಂದೀನಲ್ರಿ," ಎಂದಳು ಯಲ್ಲವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಅಂದಳು, "ಬರಂಗಿಲ್ಲಂತನ ಅಲ್ರಿ ಸಾಲಿಗೆ ಕಳಸೂದು?"

ಮಧು ಅರ್ಧ ಹೆಣೆದ ಹೆರಳಿನಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಹುಡುಗಿಗೆ ಎಷ್ಟು ತಿಳಿಯಿತೋ ಎಂದು ಶೈಲಶ್ರೀ ಅಂದುಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು.

"ಅವತ್ತ ಉಳಿದಾವರೆಲ್ಲ ಏನ ಮಾಡಿದ್ರರಿ?"

"ಎಣಿಸಿದ್ರು," ಎಂದಳು ಶೈಲಶ್ರೀ.

ಎರಡು ದಿನ ಮಧು ಶಾಲೆಗೆ ಬರಲಿಲ್ಲ. ಆ ಎರಡು ದಿನದಲ್ಲಿ ಶೈಲಶ್ರೀ ಕೂಗುವ ಎಣಿಕೆ ನಿಲ್ಲಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಗ್ಗುಲಲ್ಲಿ ಕೂಡಿಸಿಕೊಂಡು ಬೀಜ ಎಣಿಸಲು ಹೇಳಿ ನೋಡಿದಳು. ಇನ್ನೂ ಏಳು ಮಕ್ಕಳ ಬಾಯಿ ಬೆರಳಿಗಿಂತ ಮುಂದೆ ಓಡುತ್ತಿತ್ತು. ಅವರು ಗುಂಪಿನ ದನಿಯಲ್ಲಿ ಮರೆಯಾಗಿದ್ದರು, ಅಷ್ಟೇ. ಆರು ವರ್ಷದಲ್ಲಿ ಎಷ್ಟು ಮಕ್ಕಳು ಹೀಗೇ ಮುಂದಿನ ತರಗತಿಗೆ ಹೋದರೋ ಎಂದು ಯೋಚಿಸುವುದಕ್ಕೂ ಅವಳಿಗೆ ಧೈರ್ಯ ಸಾಲಲಿಲ್ಲ. ಮುಖ್ಯಗುರುಗಳಿಗೆ ಎಲ್ಲ ಹೇಳಿದಳು. ಆದದ್ದು ಆಯಿತು, ಕೆದಕಬೇಡಿ ಎಂದು ಅವರು ಕಡತ ಮುಚ್ಚಿದರು. ಆದರೂ ಅವಳು ನಡೆದದ್ದನ್ನೆಲ್ಲ ತಾನೇ ಒಂದು ಕಾಗದದಲ್ಲಿ ಬರೆದು ಅಧಿಕಾರಿಗೆ ಕಳಿಸಿದಳು.

ಮೂರನೆಯ ದಿನ ಯಲ್ಲವ್ವನೇ ಹುಡುಗಿಯನ್ನು ಬಾಗಿಲವರೆಗೆ ಬಿಟ್ಟು, ಒಳಗೆ ನೋಡದೆ ತಿರುಗಿ ಹೋದಳು. ಮಧು ಈಗ ಜೋರಾಗಿ ಮಾತಾಡುತ್ತಿರಲಿಲ್ಲ. ಶೈಲಶ್ರೀ ಅವಳಿಗೆ ಎಣಿಸಿದ ಬೀಜವನ್ನು ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುವುದನ್ನು ಕಲಿಸಿದಳು; ಬೀಜ ಬಟ್ಟಲಿಗೆ ಬೀಳುವ ತನಕ ಮುಂದಿನ ಅಂಕಿ ಹೇಳುವಂತಿಲ್ಲ. ಸಾಲಾಗಿ ಜೋಡಿಸಿದ ಬೀಜಗಳ ಮುಂದೆ ಕಾರ್ಡು ಇಡಿಸಿದಳು. ನಾಲ್ಕಕ್ಕಿಂತ ಐದು ಯಾಕೆ ಮುಂದಿನದು ಎಂಬುದು ಹುಡುಗಿಗೆ ಕಣ್ಣಿಗೇ ಕಾಣತೊಡಗಿತು. ಐದರವರೆಗೆ ಬರಲು ಹನ್ನೊಂದು ದಿನ ಹಿಡಿಯಿತು, ಹತ್ತರವರೆಗೆ ಬರುವಷ್ಟರಲ್ಲಿ ಸಂಕ್ರಾಂತಿ ದಾಟಿತು.

ಫೆಬ್ರುವರಿಯಲ್ಲಿ ಅದೇ ಅಧಿಕಾರಿ ಮರುದಿನ ಮತ್ತೆ ಬರುವ ಸುದ್ದಿ ಬಂತು. ಆ ಸಂಜೆ ಎಲ್ಲರೂ ಹೋದ ಮೇಲೂ ಮಧು ಬಾಗಿಲಲ್ಲಿ ನಿಂತಿದ್ದಳು.

"ನಾಳೆ ನಾ ಬರಬೇಕೇನ್ರಿ, ಬ್ಯಾಡೇನ್ರಿ?"

ಅವಳು ಮುನಿಸಿನಿಂದ ಕೇಳಿರಲಿಲ್ಲ. ತಿಳಿದುಕೊಂಡು ಹೋಗೋಣವೆಂದು ಕೇಳಿದ್ದಳು. ಬರಬೇಕು, ಎಲ್ಲರಿಗಿಂತ ಮೊದಲು ಬಾ ಎಂದು ಹೇಳುವಾಗ ಆ ಮಗುವಿನ ಮುಖ ನೋಡಲು ಶೈಲಶ್ರೀಗೆ ಆಗಲಿಲ್ಲ.

ಅಧಿಕಾರಿಯ ಮುಂದೆ ಮಧು ನೆಲದ ಮೇಲೆ ಕೂತು ಕಾರ್ಡುಗಳನ್ನು ಒಂದರಿಂದ ಹನ್ನೆರಡರವರೆಗೆ ಸಾಲಾಗಿ ಜೋಡಿಸಿದಳು. ಆಮೇಲೆ ಹದಿನೈದರ ಕಾರ್ಡು ಎತ್ತಿಕೊಂಡು, ಅದರ ಜಾಗ ತಿಳಿಯದೆ ಪಕ್ಕಕ್ಕೆ ಇಟ್ಟಳು. ಮುಂದಿನದು ಬರುವುದಿಲ್ಲವೇ ಎಂದು ಅಧಿಕಾರಿ ಕೇಳಿದರು. ಬೇರೆ ಮಕ್ಕಳೆಲ್ಲ ನೋಡುತ್ತಿದ್ದರು, ಮಲಕಾಜಪ್ಪ ಗುರುಗಳೂ ನೋಡುತ್ತಿದ್ದರು.

"ಇನ್ನೂ ನಾ ಕಲಿಸಿಲ್ರಿ ಸರ್," ಎಂದಳು ಶೈಲಶ್ರೀ.

ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರು. ಶೈಲಶ್ರೀ ಬಗ್ಗಿ ನೆಲದ ಮೇಲಿನ ಕಾರ್ಡುಗಳನ್ನು ಎತ್ತತೊಡಗಿದಳು. ಮಧು ತಡೆದು, ತಾನೇ ಎತ್ತುತ್ತೇನೆಂದು ಹನ್ನೆರಡರ ಕಡೆಯಿಂದ ಒಂದೊಂದಾಗಿ ತೆಗೆಯುತ್ತ ಬಂದಳು.